ಅರಳೆಯ ಅಂಗಡಿಯ ಗಾದಿ: ಐದಕ್ಕೆ ನಾಲ್ಕು, ಸದ್ಯಕ್ಕೆ

ಮೊದಲೇ ಹೇಳಿಬಿಡುತ್ತೇನೆ: ಈ ಗಾದಿಯನ್ನು ಹೊಲಿದವನು ನನ್ನ ಬಾಲ್ಯದ ಗೆಳೆಯ. ಮೂವತ್ನಾಲ್ಕು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು ಬೇರೆಯವರ ಚೀಟಿಗಳಲ್ಲಿ ತಪ್ಪು ಹುಡುಕಿ ಸಂಬಳ ಪಡೆದವನು ನಾನು. ಬೇಕಾದವರ ಲೆಕ್ಕವನ್ನು ಬೇಕಾದವರೇ ತಪಾಸಣೆ ಮಾಡಬಾರದು ಎಂಬುದು ಆ ಕೆಲಸದ ಮೊದಲ ಪಾಠ. ಆದ್ದರಿಂದ ಮುಂದೆ ನಾನು ಹೊಗಳಿದ ಕಡೆಯೆಲ್ಲ ಓದುವವರು ರೂಪಾಯಿಗೆ ನಾಲ್ಕಾಣೆ ವಜಾ ಮಾಡಿಕೊಳ್ಳಲಿ. ಬೈದ ಕಡೆ ಪೂರ್ತಿ ನಂಬಬಹುದು.

ಗಾದಿ ಮಾಡಿಸುವ ಪ್ರಸಂಗ ಬಂದದ್ದು ಒಂದು ಪೆಟ್ಟಿಗೆಯ ದೆಸೆಯಿಂದ. ನಿವೃತ್ತನಾಗಿ ಹುಬ್ಬಳ್ಳಿ ಬಿಟ್ಟು ವಿಜಯಪುರದ ನಮ್ಮ ಹಳೆಯ ಮನೆಗೆ ಮರಳಿದಾಗ ಬೆಂಗಳೂರಿನ ಮಗ ಆನ್‌ಲೈನ್‌ನಲ್ಲಿ ಒಂದು ಫೋಮ್ ಹಾಸಿಗೆ ತರಿಸಿಕೊಟ್ಟ. ಸುರುಳಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ತುರುಕಿದ್ದ ಅದು ಪ್ಲಾಸ್ಟಿಕ್ ಹರಿದ ಕೂಡಲೇ ಬಾಣಲೆಗೆ ಬಿದ್ದ ಪೂರಿಯಂತೆ ಉಬ್ಬಿತು. ಚಳಿಗಾಲ ಕಳೆಯುವವರೆಗೆ ನನಗೂ ಅದಕ್ಕೂ ಜಗಳ ಇರಲಿಲ್ಲ. ಏಪ್ರಿಲ್‌ನಲ್ಲಿ ಊರಿನ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಅದರ ಗುಣ ತಿಳಿಯಿತು. ಮೈಯಿಂದ ಪಡೆದ ಶಾಖವನ್ನು ಬೆಳಗಿನ ಜಾವದ ಹೊತ್ತಿಗೆ ಬಡ್ಡಿ ಸಮೇತ ಹಿಂದಿರುಗಿಸುತ್ತಿತ್ತು. ನೂರು ರಾತ್ರಿಯೊಳಗೆ ಒಪ್ಪಿಗೆಯಾಗದಿದ್ದರೆ ಹಿಂದಕ್ಕೆ ಪಡೆಯುತ್ತೇವೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ನಾನು ಫೋನ್ ಮಾಡಿದ್ದು ನೂರ ಹನ್ನೆರಡನೆಯ ದಿನ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಆಗುವುದಿಲ್ಲ ಎಂದಳು. ದಿನಾಂಕ ಮೀರಿದ ಅರ್ಜಿಗಳನ್ನು ನಾನೇ ಎಷ್ಟು ತಿರಸ್ಕರಿಸಿದ್ದೇನೆ. ಅವಳನ್ನು ಯಾವ ಬಾಯಿಂದ ಬೈಯಲಿ?

ಹೆಂಡತಿ ಅಟ್ಟದ ಕಡೆ ಕೈ ತೋರಿಸಿದಳು. ಅಲ್ಲಿ ನಮ್ಮ ಅಪ್ಪನ ಗಾದಿ ಇತ್ತು. 1981ರಲ್ಲಿ ಅರಳೆಯ ಅಪ್ಪ ಹೊಲಿದುಕೊಟ್ಟದ್ದು.

ಅರಳೆ ಎಂದರೆ ಬೀಜ ತೆಗೆದ ಹತ್ತಿ. ನನ್ನ ಗೆಳೆಯನ ಹೆಸರೂ ಅದೇ. ಅದು ಅವನ ಮನೆಯವರು ಇಟ್ಟ ಹೆಸರಲ್ಲ, ಮುನ್ಸಿಪಾಲಿಟಿ ಕನ್ನಡ ಗಂಡು ಮಕ್ಕಳ ಶಾಲೆಯ ನಾಲ್ಕನೆಯ ತರಗತಿ ಇಟ್ಟದ್ದು. ದಿನವೂ ತಲೆಗೂದಲಲ್ಲಿ, ಹುಬ್ಬಿನಲ್ಲಿ, ಅಂಗಿಯ ಕಾಲರಿನಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡು ಬರುತ್ತಿದ್ದ. ಒಂಬತ್ತು ವರ್ಷದ ಮುದುಕನಂತೆ ಕಾಣುತ್ತಿದ್ದ. ನನ್ನ ಹೆಸರು ಅವಲಕ್ಕಿ, ಏಕೆಂದರೆ ನನ್ನ ಡಬ್ಬಿಯಲ್ಲಿ ಬೇರೆ ಏನೂ ಇರುತ್ತಿರಲಿಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ ನನ್ನನ್ನು ಅವಲಕ್ಕಿ ಎಂದು ಕರೆಯುವವನು ಈ ಭೂಮಿಯ ಮೇಲೆ ಅವನೊಬ್ಬನೇ. ಮೊಮ್ಮಗಳ ಎದುರಿಗೂ ಕರೆಯುತ್ತಾನೆ.

ಈಗ ಅಂಗಡಿಯ ವಿಷಯ. ಹೆಸರಿನ ಹಲಗೆ ಇಲ್ಲ, ಹುಡುಕಲು ಹಲಗೆ ಬೇಕಾಗುವುದೂ ಇಲ್ಲ. ಜುಮ್ಮಾ ಮಸೀದಿಯನ್ನು ದಾಟಿ ಓಣಿಗಳ ಒಳಗೆ ಹೊಕ್ಕರೆ ಒಂದು ಬೇವಿನ ಮರ ನಡುಬೇಸಿಗೆಯಲ್ಲಿ ಹಿಮ ಬಿದ್ದಂತೆ ಬೆಳ್ಳಗೆ ನಿಂತಿರುತ್ತದೆ. ಕರೆಂಟಿನ ತಂತಿಗಳಿಗೆ ಗಡ್ಡ ಬಂದಿರುತ್ತದೆ. ಅಲ್ಲೇ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲದ ಕೋಣೆ. ಅದರ ಅರ್ಧವನ್ನು ಹಿಂಜುವ ಯಂತ್ರ ನುಂಗಿದೆ. ಗ್ರಾಹಕರಿಗೆ ಕೂರಲು ಕುರ್ಚಿ ಇಲ್ಲ, ಹತ್ತಿಯ ಮೂಟೆ ಇದೆ. ಊರಿನ ಯಾವ ಹೋಟೆಲಿನ ಸೋಫಾ ಕೂಡ ಅದಕ್ಕೆ ಸಮ ಅಲ್ಲ, ಏಳುವಾಗ ಮಾತ್ರ ಯಾರಾದರೂ ಕೈ ಹಿಡಿದು ಎಳೆಯಬೇಕು.

ನಾನು ಗಾದಿಯನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಇಳಿಸಿದೆ. ಅವನು ಕುಶಲ ಕೇಳಲಿಲ್ಲ. ಹೊಲಿಗೆಯ ಮೇಲೆ ಬೆರಳು ಆಡಿಸಿ, "ಇದು ಅಪ್ಪನ ಕೈ" ಎಂದ. ಆಮೇಲೆ ಬ್ಲೇಡ್ ತೆಗೆದುಕೊಂಡು ಆ ಕೈಯ ಕೆಲಸವನ್ನೆಲ್ಲ ಪರಪರ ಎಂದು ಸೀಳಿಬಿಟ್ಟ. ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಅವನಿಗೆ ಏನೂ ಆದಂತೆ ಕಾಣಲಿಲ್ಲ.

ತೂಕವನ್ನು ನನ್ನ ಎದುರಿಗೇ ಮಾಡಿಸಿದೆ. ಹಳೆಯ ಹತ್ತಿ 14 ಕಿಲೋ 200 ಗ್ರಾಂ. ನಲವತ್ತು ವರ್ಷ ಮೈ ಭಾರ ಹೊತ್ತು ಅದು ಹತ್ತಿಯಾಗಿ ಉಳಿದಿರಲಿಲ್ಲ. ಒಣಗಿದ ಕೆಸರಿನ ಹೆಂಟೆಗಳಂತೆ ಇತ್ತು. ಯಂತ್ರದ ಮುಳ್ಳಿನ ಉರುಳೆಗೆ ಅದನ್ನು ಕೊಟ್ಟರೆ ಈ ಕಡೆಯಿಂದ ಹೆಂಟೆ, ಆ ಕಡೆಯಿಂದ ಮೋಡ. ಹಿಂಜಿದ ಮೇಲೆ ಮತ್ತೆ ತೂಗಿದೆವು: 11 ಕಿಲೋ 600 ಗ್ರಾಂ. ಎರಡೂವರೆ ಕಿಲೋಗೂ ಹೆಚ್ಚಿನ ಈ ವ್ಯತ್ಯಾಸಕ್ಕೆ ಸಮಜಾಯಿಷಿ ಕೇಳಿದೆ, ಹಳೆಯ ಚಾಳಿ. ಅವನು ಯಂತ್ರದ ಕೆಳಗಿನ ಕಪ್ಪು ದೂಳಿನ ರಾಶಿಯನ್ನು ಕಾಲಿನಿಂದ ತೋರಿಸಿ, "ಇದು ನಿಮ್ಮ ಮನೆತನದ ದೂಳು. ಚೀಲದಲ್ಲಿ ಕಟ್ಟಿ ಕೊಡಲೇ?" ಎಂದ. ದೂಳಿನ ಜೊತೆ ಒಂದು ಹುಣಸೆ ಬೀಜ, ಅಮ್ಮನದೇ ಇರಬೇಕಾದ ಒಂದು ತಲೆಪಿನ್ನು, ಕಮಲದ ಚಿತ್ರವಿರುವ ಹಳದಿ ಬಣ್ಣದ ಒಂದು 20 ಪೈಸೆ ನಾಣ್ಯವೂ ಸಿಕ್ಕವು. ನಾಣ್ಯವನ್ನು ಅವನು ತನ್ನ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ.

ಬಿಲ್ ಹೀಗಿತ್ತು: ಹೊಸ ಹತ್ತಿ ಮೂರು ಕಿಲೋಗೆ 600, ಪಟ್ಟೆ ಬಟ್ಟೆ ಐದು ಮೀಟರಿಗೆ 550, ಹಿಂಜಿ ಹೊಲಿದದ್ದಕ್ಕೆ 900. ಕೆಳಗೆ, ಬಾಗಿದ ಅಕ್ಷರದಲ್ಲಿ, "ಜಮಾ 20 ಪೈಸೆ". ಒಟ್ಟು 2049 ರೂಪಾಯಿ 80 ಪೈಸೆ. ಗೆಳೆತನದ ಸೋಡಿ ಎಂದು ಒಂದು ಬಿಡಿಗಾಸು ಕೂಡ ಇಲ್ಲ. ಲೆಕ್ಕದಲ್ಲಿ ಮಾತ್ರ ತಪ್ಪು ಹುಡುಕಲಾಗಲಿಲ್ಲ. ಫೋಮ್ ಹಾಸಿಗೆಗೆ ಮಗ ಕೊಟ್ಟದ್ದು ಇದರ ಐದು ಪಟ್ಟು.

ಹತ್ತಿಯ ಬಗ್ಗೆ ಎರಡು ಮಾತು, ಗಾದಿ ಮಾಡಿಸುವವರಿಗೆ ಉಪಯೋಗಕ್ಕೆ ಬರುತ್ತದೆ. ಉದ್ದ ಎಳೆಯ ನಯವಾದ ಹತ್ತಿ ಎಂದರೆ ಒಳ್ಳೆಯ ಹತ್ತಿ ಎಂದು ನಾನು ತಿಳಿದಿದ್ದೆ. ಅದು ನೂಲುವವರ ಮಾತು. 1981ರಲ್ಲಿ ಧಾರವಾಡದಿಂದ ಬಂದ ಡಿಸಿಎಚ್ 32 ಅಂತಹ ಉದ್ದ ಎಳೆಯದು, ಸಣ್ಣ ನೂಲಿಗೆ ಹೇಳಿ ಮಾಡಿಸಿದ ತಳಿ. ಗಾದಿಗೆ ಬೇಕಾದದ್ದು ಅದಲ್ಲ. ನಯವಾದ ಎಳೆ ಮೈ ಭಾರಕ್ಕೆ ಬೇಗ ಒಪ್ಪಿಕೊಂಡು ಮಲಗಿಬಿಡುತ್ತದೆ. ಗಿಡ್ಡ ಎಳೆಯ, ಒರಟಾದ ಜವಾರಿ ಹತ್ತಿ ಒತ್ತಿದರೆ ಎದುರುತ್ತರ ಕೊಡುತ್ತದೆ. ನಮ್ಮ ಎರೆ ಭೂಮಿಯಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಜಯಧರ ಈ ಜಾತಿಯದು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕ ಮೇಲೆ ಹೊಲಗಳ ಮುಖವೇ ಬದಲಾಯಿತು; ಈಗ ಜವಾರಿ ಹತ್ತಿ ಎಂದು ಕೇಳಿದರೆ ವ್ಯಾಪಾರಿಗಳು ಏನೋ ಹಳೆಯ ನಾಟಕದ ಪಾತ್ರವನ್ನು ನೆನೆಸಿಕೊಂಡವರಂತೆ ನಗುತ್ತಾರೆ. ಅರಳೆ ನನ್ನ ಹಳೆಯ ಹತ್ತಿಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು ತೋರಿಸಿದ. ಮುಷ್ಟಿ ತೆರೆದ ಕೂಡಲೇ ಅದು ಎದ್ದು ನಿಂತಿತು. "ಇದನ್ನು ಎಸೆದು ಹೊಸದು ಹಾಕಿಸಿಕೊಳ್ಳುವವರಿಗೆ ನಾನು ಬೇಡ ಎನ್ನುವುದಿಲ್ಲ. ಎಸೆದದ್ದನ್ನು ನಾನೇ ಇಟ್ಟುಕೊಳ್ಳುತ್ತೇನೆ" ಎಂದ. ಆದ್ದರಿಂದ, ಅಟ್ಟದಲ್ಲಿ ಹಳೆಯ ಗಾದಿ ಇರುವವರು ಅದನ್ನು ಹಿಂಜಿಸಿಕೊಳ್ಳಿ, ಕೊಟ್ಟುಬಿಡಬೇಡಿ.

ಹಿಂಜಿದ ಹತ್ತಿಯನ್ನು ಪದರ ಪದರವಾಗಿ ಹರಡಿ, ಬಿದಿರಿನ ಕೋಲಿನಿಂದ ಬಡಿದು ಸಮ ಮಾಡಿ, ಒಳಮುಖ ಹೊರಗಾಗಿರುವ ಚೀಲದ ಜೊತೆ ಚಾಪೆಯಂತೆ ಸುತ್ತಿ, ಆ ಸುರುಳಿಯನ್ನು ಒಂದೇ ಎಳೆತಕ್ಕೆ ತಿರುವಿ ಹಾಕುತ್ತಾನೆ. ಹತ್ತಿ ಒಳಗೆ, ಬಟ್ಟೆ ಹೊರಗೆ. ನಾನು ಮೂರು ಸಲ ನೋಡಿದರೂ ಅದು ಹೇಗೆ ಆಗುತ್ತದೆ ಎಂಬುದು ಹತ್ತಲಿಲ್ಲ. ಆಮೇಲೆ ಗೇಣಿಗೊಂದು ಟಾಕಾ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಮೇಣ ಹಚ್ಚಿದ ದಪ್ಪ ದಾರ, ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ದಬ್ಬಣ. ಈ ದಬ್ಬಣಗಳು ಎಲ್ಲಿ ಇರುತ್ತವೆ ಎಂಬುದಕ್ಕೆ ಒಂದು ಕಥೆ ಇದೆ. ಅದಕ್ಕೆ ಬರುತ್ತೇನೆ.

ನಾವು ಹುಡುಗರಾಗಿದ್ದಾಗ ಯಂತ್ರ ಇರಲಿಲ್ಲ. ಬಿಲ್ಲು ಇತ್ತು. ಆಳೆತ್ತರದ ಮರದ ಬಿಲ್ಲು, ನರದ ಹಗ್ಗ, ಅದನ್ನು ಮೀಟಲು ಎರಡೂ ತುದಿ ದಪ್ಪಗಿರುವ ಮರದ ಗುಂಡು. ಪಿಂಜಾರರು, ನದಾಫರು ಎಂದು ಕರೆಸಿಕೊಳ್ಳುವ ಅರಳೆಯವರ ಕುಲದ ಹೆಸರಿನಲ್ಲೇ ಕಸುಬು ಇದೆ; ಅರಬ್ಬಿಯಲ್ಲಿ ನದಾಫ್ ಎಂದರೆ ಹತ್ತಿ ಹಿಂಜುವವನು. ಅವನ ಮನೆಯ ಮಾತು ಕನ್ನಡ. ಅವನ ಉರ್ದು ನನ್ನ ಸಂಸ್ಕೃತದಂತೆ: ಪ್ರಾರ್ಥನೆಗೆ ಸಾಕು, ಜಗಳಕ್ಕೆ ಸಾಲದು. ಅವನ ಅಪ್ಪ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಬರುತ್ತಿದ್ದರು. ಅಂಗಳದಲ್ಲಿ ಕುಳಿತು ಠೊಂಯ್ ಠೊಂಯ್ ಎಂದು ಮೀಟಲು ಶುರು ಮಾಡಿದರೆ ಓಣಿಯ ಮಕ್ಕಳೆಲ್ಲ ಸೇರುತ್ತಿದ್ದೆವು. ಹಾರುವ ಹತ್ತಿಯನ್ನು ಹಿಡಿಯುವುದು ನಮ್ಮ ಆಟ. ಹಿಡಿದದ್ದನ್ನು ಹಿಂದಿರುಗಿಸಬೇಕು ಎಂಬುದು ಅವರ ಕಾನೂನು.

ನಮ್ಮ ಮನೆಯಲ್ಲಿ ಅಜ್ಜಿಯ ಮಡಿ ಇತ್ತು. ತಲಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮಾಡ. ಆ ಮಾಡದಲ್ಲಿ ಒಂದು ಜರ್ಮನ್ ಲೋಟ. ಬೇರೆ ಸೀಮೆಯವರು ಅಲ್ಯೂಮಿನಿಯಂ ಎನ್ನುವುದನ್ನು ನಾವು ಜರ್ಮನ್ ಎನ್ನುತ್ತೇವೆ. ಅರಳೆ ಆಟ ಮುಗಿಸಿ ಬಂದು ನೀರು ಕೇಳಿದರೆ ಅಮ್ಮ ಹಿತ್ತಾಳೆಯ ತಂಬಿಗೆಯಿಂದ ಆ ಲೋಟಕ್ಕೆ ಮೇಲಿನಿಂದ ಸುರಿಯುತ್ತಿದ್ದಳು. ತಂಬಿಗೆಗೂ ಲೋಟಕ್ಕೂ ನಡುವೆ ಒಂದು ಗೇಣು ಗಾಳಿ. ಕುಡಿದ ಮೇಲೆ ಅವನೇ ತೊಳೆದು ಮಾಡದಲ್ಲಿ ಬೋರಲು ಹಾಕಬೇಕು. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿ ಕಲಿತಿದ್ದ.

ಅದೇ ಅಜ್ಜಿ ಅಲಾಯಿ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ನನ್ನ ಕೈಗೆ ಸಕ್ಕರೆ, ಊದು ಕೊಟ್ಟು, "ಹೋಗು, ದೇವರಿಗೆ ಓದಿಸಿಕೊಂಡು ಬಾ" ಎನ್ನುತ್ತಿದ್ದಳು. ಯಾವುದೋ ಹಳೆಯ ಹರಕೆ. ಓದಿಸಿದ ಸಕ್ಕರೆ ನೇರವಾಗಿ ಒಳಗೆ ಹೋಗುತ್ತಿತ್ತು, ಅಜ್ಜಿಯ ಬಾಯಿಗೂ ಬೀಳುತ್ತಿತ್ತು. ಸಕ್ಕರೆಗೆ ಇಲ್ಲದ ಮೈಲಿಗೆ ನೀರಿಗೆ ಹೇಗೆ ಬಂತು ಎಂದು ಕೇಳುವ ಬುದ್ಧಿ ನನಗೆ ಇರಲಿಲ್ಲ. ಇದ್ದಿದ್ದರೆ ಧೈರ್ಯ ಇರುತ್ತಿರಲಿಲ್ಲ.

ಅವನ ಮನೆಯಲ್ಲೂ ಒಂದು ಬೇರೆ ಪಾತ್ರೆ ಇತ್ತು. ರಂಜಾನಿನ ಶೀರ ಖುರ್ಮಾವನ್ನು ಅವನ ಅಮ್ಮ ನನಗಾಗಿ ಪ್ರತ್ಯೇಕವಾದ ಒಂದು ಸ್ಟೀಲಿನ ಬೋಗುಣಿಯಲ್ಲಿ ಕಾಯಿಸುತ್ತಿದ್ದರು. "ಇದರಲ್ಲಿ ಬೇರೆ ಏನನ್ನೂ ಬೇಯಿಸುವುದಿಲ್ಲ, ಹೆದರಬೇಡ, ತಿನ್ನು" ಎನ್ನುತ್ತಿದ್ದರು. ಹೀಗೆ ಎರಡು ಮನೆಗಳಲ್ಲಿ ಎರಡು ಪಾತ್ರೆ. ಒಂದನ್ನು ನನ್ನ ನೇಮ ಕೆಡದಿರಲಿ ಎಂದು ಇಟ್ಟಿದ್ದರು, ಇನ್ನೊಂದನ್ನು ನಮ್ಮ ನೇಮ ಅವನಿಂದ ಕೆಡದಿರಲಿ ಎಂದು ಇಟ್ಟಿದ್ದೆವು. ಈ ಎರಡನ್ನೂ ಸಮ ಎಂದು ತೂಗುವವರು ನನ್ನ ಕೈಗೆ ಸಿಕ್ಕರೆ ಅವರ ಲೆಕ್ಕಕ್ಕೆ ನಾನು ಸಹಿ ಹಾಕುವುದಿಲ್ಲ.

1974ರಲ್ಲಿ ಮಾಸ್ತರರು ನಮ್ಮನ್ನು ಸಾಲಾಗಿ ನಡೆಸಿಕೊಂಡು ಗೋಳಗುಮ್ಮಟಕ್ಕೆ ಕರೆದೊಯ್ದರು. ಊರಿನ ಮಕ್ಕಳಿಗೆ ಅದು ಹೊಸದಲ್ಲ, ಆದರೆ ಶಾಲೆಯಿಂದ ಹೋಗುವ ಗಮ್ಮತ್ತು ಬೇರೆ. ಮೂಲೆಯ ಏಳಂತಸ್ತಿನ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಗುಮ್ಮಟದ ಒಳಸುತ್ತಿನ ಪಿಸುಮಾತಿನ ಮೊಗಸಾಲೆಗೆ ಬಂದೆವು. ಕೆಳಗೆ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ, ಮೇಲೆ ಕೂಗಾಡುವ ಮೂವತ್ತು ಹುಡುಗರು. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಅರಳೆ ಆ ತುದಿಗೆ ಹೋದ, ನಾನು ಈ ತುದಿಯಲ್ಲಿ ಗೋಡೆಗೆ ಕಿವಿ ಹಚ್ಚಿ ನಿಂತೆ. ಉಳಿದ ಹುಡುಗರೆಲ್ಲ ತಮ್ಮ ತಮ್ಮ ಹೆಸರು, ಮಾಸ್ತರರ ಅಡ್ಡಹೆಸರು ಪಿಸುಗುಟ್ಟುತ್ತಿದ್ದರು. ಒಂದು ಕ್ಷಣ ಗದ್ದಲ ತಗ್ಗಿದಾಗ ಗೋಡೆಯೊಳಗಿನಿಂದ ಅವನ ದನಿ ಬಂತು:

"ಅವಲಕ್ಕಿ, ಆ ಜರ್ಮನ್ ಲೋಟ ಯಾಕೆ ಒಳಗೆ ಬರುವುದಿಲ್ಲ?"

ನಾನು ಉತ್ತರ ಕೊಡಲಿಲ್ಲ. ಕೆಳಗೆ ಇಳಿದ ಮೇಲೆ ಅವನು ಮುಖ ನೋಡಿದ. "ಏನೂ ಕೇಳಿಸಲಿಲ್ಲ" ಎಂದೆ. ಆ ಸುಳ್ಳನ್ನು ಹೇಳಲು ಈ ಜಗತ್ತಿನಲ್ಲಿ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಅವನು ನಕ್ಕು, ಜೇಬಿನಿಂದ ಶೇಂಗಾ ತೆಗೆದು ಕೊಟ್ಟ.

ಇಂತಹ ಬರಹಗಳಲ್ಲಿ ಈ ಹಂತಕ್ಕೆ ಬಂದಾಗ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಸರಸ್ವತಿಯನ್ನು ಸ್ತುತಿಸಿದ್ದನ್ನೋ ಶಿಶುನಾಳ ಷರೀಫರು ಗೋವಿಂದ ಭಟ್ಟರ ಶಿಷ್ಯರಾದದ್ದನ್ನೋ ತರುವ ಪದ್ಧತಿ ಇದೆ. ಎರಡೂ ನಿಜ, ಎರಡೂ ದೊಡ್ಡವು. ಭಾವೈಕ್ಯ ಎಂಬ ಮಾತು ವೇದಿಕೆಯ ಮೇಲೆ ಚೆನ್ನಾಗಿ ಕೇಳಿಸುತ್ತದೆ. ನಮ್ಮಿಬ್ಬರ ನಡುವೆ ಇದ್ದದ್ದು ಗೋಟಿ, ಶೇಂಗಾ, ಒಂದು ಸೈಕಲ್ಲಿನ ಅರ್ಧರ್ಧ ಬಾಡಿಗೆ, ಮತ್ತು ಆ ಲೋಟ.

1978ರ ಬೇಸಿಗೆಯಲ್ಲಿ ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಗಂಡ ತೀರಿದ ದಿನದಿಂದ ಅವಳು ಗಾದಿಯ ಮೇಲೆ ಮಲಗಿದವಳಲ್ಲ. ಚಾಪೆ, ಅದರ ಮೇಲೆ ಕಂಬಳಿ. ಕಂಬಳಿಗೆ ಮೈಲಿಗೆ ಇಲ್ಲವಲ್ಲ. ಬೆನ್ನು ಹುಣ್ಣಾಗುತ್ತದೆ, ಮೆತ್ತಗಿನದು ಹಾಸಿ ಎಂದು ಡಾಕ್ಟರು ಹೇಳಿದರು. ಅಪ್ಪ ಹೋಗಿ ಅರಳೆಯ ಅಪ್ಪನನ್ನು ಕರೆತಂದರು. ಅವರು ಎರಡು ದಿನ ನಮ್ಮ ಅಂಗಳದಲ್ಲಿ ಕುಳಿತು ಹಿಂಜಿದರು. ಒಳಗೆ ಮಲಗಿದ್ದ ಅಜ್ಜಿ ಆ ಠೊಂಯ್ ಠೊಂಯ್ ಕೇಳುತ್ತಾ, ಯಾರೂ ಕೇಳದಿದ್ದರೂ ತನ್ನ ತೀರ್ಪು ಕೊಟ್ಟಳು: "ನೇಯ್ದ ಬಟ್ಟೆಗೆ ಮೈಲಿಗೆ ಅಂಟುತ್ತದೆ. ಹತ್ತಿಗೆ ಅಂಟುವುದಿಲ್ಲ. ಅದು ಇನ್ನೂ ಗಿಡದ್ದು." ಯಾವ ಶಾಸ್ತ್ರದಲ್ಲಿ ಇದೆಯೋ, ಅವಳಿಗೇ ಗೊತ್ತು. ಬಟ್ಟೆಯ ಚೀಲವನ್ನು ಅಮ್ಮನೇ ಹೊಲಿದಳು. ಹತ್ತಿ ತುಂಬಿ ಟಾಕಾ ಹಾಕಿದ್ದು ಮಾತ್ರ ಅವರ ಕೈ, ಆ ಬಗ್ಗೆ ಅಜ್ಜಿ ಕಣ್ಣು ಮುಚ್ಚಿಕೊಂಡಳು. ಅದರ ಮೇಲೆ ನಾಲ್ಕು ತಿಂಗಳು ಮಲಗಿ ಹೋದಳು. ಒಂದು ಹುಣ್ಣೂ ಆಗಲಿಲ್ಲ. ಕೂಲಿಯನ್ನು ಅವನ ಅಪ್ಪ ಪೂರ್ತಿ ಎಣಿಸಿಕೊಂಡರು. ವಂಶದ ಗುಣ.

ಅಜ್ಜಿಯ ಹದಿಮೂರು ದಿನ ಕಳೆದ ಮೇಲೆ ಅಮ್ಮ ಮಾಡವನ್ನು ಖಾಲಿ ಮಾಡುತ್ತಿದ್ದಳು. ಅವಳಿಗೆ ಆ ಲೋಟವನ್ನು ಹೊರಗೆ ಎಸೆಯುವ ಆತುರ ಇತ್ತು, ಈಗ ಅರ್ಥವಾಗುತ್ತದೆ. ಅರಳೆ ಬಾಗಿಲಲ್ಲಿ ನಿಂತಿದ್ದ. "ನನಗೆ ಕೊಡಿ" ಎಂದ. ಅಮ್ಮ ಗಾಬರಿಯಾಗಿ, "ಹೊಸದು ಕೊಡುತ್ತೇನೆ, ಅದು ಯಾಕಪ್ಪಾ" ಎಂದಳು. "ಅದು ನನ್ನದೇ ಅಲ್ಲವೇ? ನನ್ನನ್ನು ಬಿಟ್ಟು ಯಾರೂ ಅದರಲ್ಲಿ ಕುಡಿದಿಲ್ಲ" ಎಂದ. ಕುಹಕ ಇರಲಿಲ್ಲ ದನಿಯಲ್ಲಿ. ಹದಿನೈದು ವರ್ಷದ ಹುಡುಗ ತನ್ನ ಆಸ್ತಿಯನ್ನು ಕೇಳುತ್ತಿದ್ದ. ಅಮ್ಮ ಲೋಟ ಕೊಟ್ಟು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಆ ಲೋಟ ಈಗ ಅಂಗಡಿಯಲ್ಲಿದೆ. ನೀವು ಹೋದರೆ ಯಂತ್ರದ ಬಲಗಡೆ ಕಿಟಕಿಯ ಮೇಲೆ ನೋಡಿ. ದಬ್ಬಣಗಳು ಇರುವುದು ಅದರಲ್ಲೇ. ಅಂಚಿನಲ್ಲಿ ಒಂದು ಕಡೆ ನಗ್ಗಿದೆ. ಅದು ನಾನು ಎಂಟನೆಯ ತರಗತಿಯಲ್ಲಿ ಸಿಟ್ಟಿನಿಂದ ಎಸೆದಾಗ ಆದದ್ದು. ಸಿಟ್ಟು ಲೋಟದ ಮೇಲೆ ಇರಲಿಲ್ಲ, ಅವನು ಗೋಟಿಯಲ್ಲಿ ನನ್ನನ್ನು ಸೋಲಿಸಿದ್ದ.

1984ರಲ್ಲಿ ನಾನು ನೌಕರಿಗೆ ಊರು ಬಿಟ್ಟೆ. ಆಮೇಲೆ ನಮ್ಮದು ದಸರೆಯ ಬನ್ನಿ ಕೊಡುವಷ್ಟು, ಮದುವೆ ಮುಂಜಿಗೆ ಬಂದು ಹೋಗುವಷ್ಟು ಗೆಳೆತನ. 1992ರ ಡಿಸೆಂಬರ್‌ನಲ್ಲಿ ದೇಶವೆಲ್ಲ ಉರಿಯುತ್ತಿದ್ದಾಗ ಹುಬ್ಬಳ್ಳಿಯಲ್ಲಿ ಕುಳಿತು ಅವನಿಗೆ ಕಾಗದ ಬರೆಯಬೇಕು ಎಂದುಕೊಂಡೆ. ಏನೆಂದು ಬರೆಯುವುದು ಎಂದು ಹೊಳೆಯದೆ ದಿನ ತಳ್ಳಿದೆ. ಜನವರಿಯಲ್ಲಿ ಅವನದೇ ಅಂಚೆ ಕಾರ್ಡು ಬಂತು. "ಸಂಕ್ರಾಂತಿಯ ಜಾತ್ರೆಗೆ ಬರುತ್ತೀಯಾ? ಬರುವಾಗ ತಲೆದಿಂಬುಗಳನ್ನು ತಾ, ಹಿಂಜಿ ಕೊಡುತ್ತೇನೆ." ಅಷ್ಟೇ. ಸಿದ್ದೇಶ್ವರ ಜಾತ್ರೆಗೆ ಹೋಗಲಿಲ್ಲ, ರಜೆ ಸಿಗಲಿಲ್ಲ ಎಂದು ಬರೆದೆ. ರಜೆ ಕೇಳಿಯೇ ಇರಲಿಲ್ಲ.

ಈಗ ನಮ್ಮ ತರಗತಿಯವರದೊಂದು ವಾಟ್ಸ್‌ಆ್ಯಪ್ ಗುಂಪು ಇದೆ. ಹತ್ತೊಂಬತ್ತು ಮುದುಕರು. ಬೆಳಿಗ್ಗೆ ದೇವರ ಚಿತ್ರ, ಮಧ್ಯಾಹ್ನ ಮಂಡಿನೋವಿಗೆ ಮದ್ದು, ರಾತ್ರಿ ಯಾರದೋ ಮೊಮ್ಮಗುವಿನ ವಿಡಿಯೊ. ಎರಡು ವರ್ಷದ ಹಿಂದೆ ಒಂದು ದಿನ ಒಬ್ಬ ಗೆಳೆಯ, ನನ್ನ ಮತ್ತು ಅರಳೆಯ ಜೊತೆ ಒಂದೇ ಬೆಂಚಿನಲ್ಲಿ ಕುಳಿತಿದ್ದವನು, ಯಾರ ಅಂಗಡಿಯಲ್ಲಿ ಕೊಳ್ಳಬೇಕು, ಯಾರ ಅಂಗಡಿಯಲ್ಲಿ ಕೊಳ್ಳಬಾರದು ಎಂಬ ಒಂದು ಉದ್ದನೆಯ ಸಂದೇಶ ಹಾಕಿದ. ಅವನು ಬರೆದದ್ದಲ್ಲ, ಎಲ್ಲಿಂದಲೋ ಬಂದದ್ದನ್ನು ದಾಟಿಸಿದ್ದ. ಅರಳೆಯೂ ಆ ಗುಂಪಿನಲ್ಲಿ ಇದ್ದಾನೆ. ಅವನು ಓದಿರಲೇಬೇಕು. ನಾನೂ ಓದಿದ್ದೇನೆ ಎಂದು ಅವನಿಗೂ ಗೊತ್ತಿರಬೇಕು. ನಾನು ಅದರ ಕೆಳಗೆ ಒಂದು ಅಕ್ಷರ ಬರೆಯಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಕೇಳಿಸಲಿಲ್ಲ ಎಂದವನು ಅರವತ್ತರಲ್ಲಿ ಮತ್ತೊಮ್ಮೆ ಅದನ್ನೇ ಹೇಳಿದಂತಾಯಿತು. ಮರುದಿನ ಬೆಳಿಗ್ಗೆ ಅರಳೆ ಎಂದಿನಂತೆ ಮಂಡಿನೋವಿನ ಮದ್ದಿಗೆ ಹೆಬ್ಬೆರಳು ಎತ್ತಿದ್ದ.

ಗಾದಿಯ ಬಿಲ್‌ನ ಚಿತ್ರವನ್ನು ಕಳೆದ ವಾರ ಆ ಗುಂಪಿನಲ್ಲಿ ಹಾಕಿದೆ. "2049 ರೂಪಾಯಿ 80 ಪೈಸೆ. ಹದಿನೈದು ದಿನದಿಂದ ಚೆನ್ನಾಗಿ ನಿದ್ದೆ ಬರುತ್ತಿದೆ" ಎಂದು ಬರೆದೆ. ಎರಡು ವರ್ಷ ತಡ. ನೂರ ಹನ್ನೆರಡನೆಯ ದಿನಕ್ಕಿಂತಲೂ ತಡ. ಆ ಬೆಂಚಿನ ಗೆಳೆಯ ಮರುದಿನ ನನಗೆ ಫೋನ್ ಮಾಡಿ, ತನ್ನ ಮಗಳ ಮದುವೆಗೆ ಎರಡು ಗಾದಿ ಬೇಕು, ಅವನು ರೇಟು ಕಡಿಮೆ ಮಾಡುತ್ತಾನಾ ಎಂದು ಕೇಳಿದ. ಇಲ್ಲ ಎಂದೆ. ಅದು ಸತ್ಯ.

ಈಗ ದೂರುಗಳು. ಮೊದಲನೆಯದು, ಹೇಳಿದ ದಿನಕ್ಕೆ ಕೊಡುವುದಿಲ್ಲ. ನನ್ನ ಗಾದಿ ಒಂಬತ್ತು ದಿನ ತಡವಾಯಿತು. ಮೇ ತಿಂಗಳು ಮದುವೆಯ ಹಂಗಾಮು, ಮದುಮಕ್ಕಳ ಗಾದಿ ಮೊದಲು, ಮುದುಕರದು ಆಮೇಲೆ ಎಂದ. ಹಾಗಾದರೆ ಮಳೆಗಾಲದಲ್ಲಿ ಮಾಡಿಸಿಕೊಳ್ಳೋಣ ಎಂದರೆ ಅದೂ ಆಗದು. ಹತ್ತಿ ಗಾಳಿಯ ಪಸೆಯನ್ನು ಕುಡಿಯುತ್ತದೆ, ಹಿಂಜಿದರೂ ಅರಳುವುದಿಲ್ಲ. ಫೆಬ್ರುವರಿಯಲ್ಲಿ ಹೋಗುವುದು ಉತ್ತಮ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ಅದು ಸಹಜ. ಅಮಾವಾಸ್ಯೆಯ ದಿನವೂ ಮುಚ್ಚಿರುತ್ತದೆ. ಯಾಕೆ ಎಂದರೆ, "ಯಂತ್ರಕ್ಕೆ ಆಗಿಬರುವುದಿಲ್ಲ" ಎನ್ನುತ್ತಾನೆ. ಯಂತ್ರದ ಹಣೆಯ ಮೇಲೆ ಕಳೆದ ದಸರೆಯ ಖಂಡೇಪೂಜೆಯ ಕುಂಕುಮ ಇನ್ನೂ ಇದೆ.

ಎರಡನೆಯದು ದೂಳು. ಇದಕ್ಕೆ ನಾನು ಅರ್ಧ ಅಂಕ ಕಡಿಯುತ್ತೇನೆ, ಗೆಳೆಯ ಎಂದು ಬಿಡುವುದಿಲ್ಲ. ಹತ್ತಿಯ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಪುಪ್ಪುಸ ಹಾಳಾಗುತ್ತದೆ. ಅವನ ಅಪ್ಪ ಕೊನೆಯ ದಿನಗಳಲ್ಲಿ ಎರಡು ವಾಕ್ಯಗಳ ನಡುವೆ ಕೆಮ್ಮುತ್ತಿರಲಿಲ್ಲ, ಎರಡು ಕೆಮ್ಮುಗಳ ನಡುವೆ ಮಾತಾಡುತ್ತಿದ್ದರು. ಇವನು ಮೂಗಿಗೆ ಒಂದು ಟವೆಲ್ ಕಟ್ಟಿಕೊಳ್ಳುತ್ತಾನೆ. ಕೆಲಸಕ್ಕೆ ಇರುವ ಇಬ್ಬರು ಹುಡುಗರು ಅದನ್ನೂ ಕಟ್ಟುವುದಿಲ್ಲ. ನಾನು ಒಂದು ಪೆಟ್ಟಿಗೆ ಮುಖಗವಸು ತಂದು ಕೊಟ್ಟೆ. ಮುಂದಿನ ಸಲ ಹೋದಾಗ ಪೆಟ್ಟಿಗೆ ಒಡೆದಿರಲಿಲ್ಲ, ಅದರ ಮೇಲೆ ಚಹಾದ ಕಪ್ಪು ಇಟ್ಟಿದ್ದರು.

ಮೂರನೆಯದು, ಗಾದಿ ಭಾರ. ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಬೇಕು ಎಂದು ಅವನ ಆಜ್ಞೆ. ಹದಿನಾಲ್ಕೂವರೆ ಕಿಲೋ ಹತ್ತಿ, ಮೇಲೆ ಬಟ್ಟೆ. ಮಾಳಿಗೆಗೆ ಹೊತ್ತು ಇಳಿಸುವಷ್ಟರಲ್ಲಿ ಬೆನ್ನುನೋವು ಬರುತ್ತದೆ, ಆ ನೋವು ಅದೇ ಗಾದಿಯ ಮೇಲೆ ಮಲಗಿದರೆ ಹೋಗುತ್ತದೆ. ಮೂರು ವರ್ಷಕ್ಕೆ ಮತ್ತೆ ಗಂಟು ಕಟ್ಟುತ್ತದೆ, ಮತ್ತೆ ಹಿಂಜಿಸಬೇಕು. ಇಷ್ಟು ತಾಳ್ಮೆ ಇಲ್ಲದವರಿಗೆ ಪೆಟ್ಟಿಗೆಯ ಹಾಸಿಗೆಯೇ ಸರಿ. ಆದರೆ ತಂಪು ಎಂದರೆ ತಂಪು. ಮೇ ತಿಂಗಳ ರಾತ್ರಿಯಲ್ಲಿ ಮಗ್ಗುಲು ಬದಲಿಸಿದರೆ ಹೊಸ ಮಗ್ಗುಲು ಮಡಕೆಯ ನೀರಿನಂತೆ ಇರುತ್ತದೆ.

ನಾಲ್ಕನೆಯ ದೂರು ಗಂಭೀರವಾದದ್ದು. ಗಾದಿಯ ಒಂದು ಮೂಲೆ, ಬಾಗಿಲ ಕಡೆಯದು, ತಗ್ಗು. ಮೂರನೆಯ ರಾತ್ರಿಯೇ ಗೊತ್ತಾಯಿತು. ತಲೆದಿಂಬು ಆ ಕಡೆ ಜಾರುತ್ತಿತ್ತು. ಇದಕ್ಕೂ ಅರ್ಧ ಅಂಕ ಕಡಿದು, ಫೋನ್ ಮಾಡಿ ಹೇಳಿದೆ. ಮೊನ್ನೆ ಸಂಜೆ ಅರಳೆ ಬಂದ, ಕಿಸೆಯಲ್ಲಿ ಒಂದು ದಬ್ಬಣ, ಕೈಯಲ್ಲಿ ಒಂದು ಹಿಡಿ ಹತ್ತಿ. ಹಳೆಯ ಮಾಡದ ಎದುರು ಒಂದು ಕ್ಷಣ ನಿಂತ. ಈಗ ಅಲ್ಲಿ ನಮ್ಮ ವೈಫೈ ಪೆಟ್ಟಿಗೆ ಮಿಣುಕುತ್ತಿರುತ್ತದೆ. ಒಳಕೋಣೆಗೆ ಬಂದು ನೆಲದ ಮೇಲಿನ ಗಾದಿಯ ಮೇಲೆ ಕುಳಿತ, ಎದ್ದ, ಬಗ್ಗಿ ಅಂಗೈಯಿಂದ ನಾಲ್ಕೂ ಮೂಲೆ ಒತ್ತಿದ. ಹೆಂಡತಿ ನೀರು ತಂದಳು, ನಾವೆಲ್ಲ ಕುಡಿಯುವ ಲೋಟಗಳಲ್ಲಿ ಒಂದು. ಅವನು ಅರ್ಧ ಕುಡಿದು, "ಅಡುಗೆಮನೆಯಲ್ಲಿ ಲಿಂಬೆಹಣ್ಣು ಇದೆಯೇ?" ಎಂದು ಕೇಳಿದ. ಶರಬತ್ತಿಗೆ ಇರಬೇಕು ಎಂದುಕೊಂಡು ಅವಳು ಇಂಡಿ ತಾಲ್ಲೂಕಿನ ಲಿಂಬೆ ಒಂದನ್ನು ತಂದುಕೊಟ್ಟಳು.

ಅವನು ಗಾದಿಯನ್ನು ಮಡಚಿ ಪಕ್ಕಕ್ಕೆ ಸರಿಸಿ, ಲಿಂಬೆಹಣ್ಣನ್ನು ಫರಸಿ ಕಲ್ಲಿನ ನೆಲದ ಮೇಲೆ ಇಟ್ಟ. ಅದು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಮೆಲ್ಲಗೆ ಬಾಗಿಲ ಕಡೆಗೆ ಉರುಳತೊಡಗಿ, ಹೊಸ್ತಿಲಿಗೆ ಹೋಗಿ ತಾಗಿ ನಿಂತಿತು.

"ಗಾದಿಯಲ್ಲ, ಅವಲಕ್ಕಿ" ಎಂದ. "ನಿನ್ನ ಮನೆಯ ನೆಲ."

ಆ ಅರ್ಧ ಅಂಕವನ್ನು ಹಿಂದಕ್ಕೆ ಪಡೆದಿದ್ದೇನೆ. ಮೇಲಿನ ನಾಲ್ಕನ್ನು ನಾಲ್ಕೂವರೆ ಎಂದು ತಿದ್ದಿ ಓದಿಕೊಳ್ಳಿ. ದೂಳಿನ ಅರ್ಧ ಹಾಗೆಯೇ ಇದೆ. ಮುಖಗವಸಿನ ಪೆಟ್ಟಿಗೆ ಒಡೆದ ದಿನ ತಿಳಿಸುತ್ತೇನೆ.